ಚಿಕ್ಕಪ್ಪ ನೋಡಿದ ಹಸಿರು

"ಮೊದಲು ಬೆಳ್ಳಂದೂರು ಕೆರೆ ಕಡೆ ಎಷ್ಟು ಹಸಿರಿತ್ತು ಗೊತ್ತೇನೇ?" ಅಂತ ಚಿಕ್ಕಪ್ಪ ಸಿಕ್ಕಾಗಲೆಲ್ಲ ಹೇಳುತ್ತಾರೆ. ಅಳೆದೇ ನೋಡೋಣ ಅಂತ ಹೋದ ಭಾನುವಾರ ಕೂತೆ. ನಕ್ಷೆಯ ಲೆಕ್ಕ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ, ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಪುಕ್ಕಟೆ. ಮಳೆಗಾಲದ ಚಿತ್ರಗಳಲ್ಲಿ ಬರೀ ಮೋಡ. ಹಾಗಾಗಿ 2017ರ ಫೆಬ್ರವರಿಯದ್ದೊಂದು, ಈ ಫೆಬ್ರವರಿಯದ್ದೊಂದು ಇಳಿಸಿಕೊಂಡೆ. ಕೆರೆಯೂ ಸೇರಿ ಸುತ್ತಲಿನ ಅರ್ಧ ಕಿಲೋಮೀಟರ್ ನನ್ನ ಲೆಕ್ಕ.

ಮೊದಲ ಉತ್ತರ ಚದರ ಡಿಗ್ರಿಯಲ್ಲಿ ಬಂತು! ನಕ್ಷೆ ಅಕ್ಷಾಂಶ, ರೇಖಾಂಶದಲ್ಲೇ ಇತ್ತು. ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ ಬದಲಾಯಿಸಿದೆ, ಸರಿಹೋಯಿತು.

ಈ ಚಿತ್ರದ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ಸುಮಾರು 1,076 ಚದರ ಅಡಿ. ನಮ್ಮ ಥರ್ಟಿ ಫಾರ್ಟಿ ಸೈಟು 1,200. ಹೆಚ್ಚುಕಡಿಮೆ ಸೈಟಿಗೊಂದು ಬಣ್ಣ, ಅಲ್ವಾ? ನಮ್ಮ ಹಿತ್ತಲ ಕರಿಬೇವು, ನುಗ್ಗೆ ಎರಡೂ ತಾರಸಿಯ ಬಣ್ಣದಲ್ಲಿ ಕಲಸಿಹೋಗುತ್ತವೆ. ಅಮ್ಮನಿಗೆ ಇದನ್ನು ಹೇಳಿಲ್ಲ.

ಎಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅಂತ ತೋರಿಸುವ ಸಂಖ್ಯೆ. ಆ ಲೆಕ್ಕದಲ್ಲಿ ಚಿಕ್ಕಪ್ಪನೇ ಗೆದ್ದರು. 2017ರಲ್ಲಿ ಹಸಿರು ಜಾಸ್ತಿ.

ಆದರೆ ಎಲ್ಲಿ? ನಕ್ಷೆ ದೊಡ್ಡದು ಮಾಡಿ ನೋಡಿದರೆ ಕೆರೆಯ ಮೇಲೆ! ನೇರಳೆ ಹೂ ಬಿಡುವ ಆ ಕಳೆ, ಕೊಳಚೆ ನೀರು ಕುಡಿದು ಕೊಬ್ಬಿದ್ದು. ಆ ಫೆಬ್ರವರಿಯಲ್ಲೇ ಕೆರೆಗೆ ಬೆಂಕಿ ಬಿದ್ದಿದ್ದು. ಎಲೆ ಮಣ್ಣಿನ ಮೇಲಿದೆಯೋ ನೀರಿನ ಮೇಲಿದೆಯೋ ಎಂದು ಎನ್‌ಡಿವಿಐ ಕೇಳುವುದಿಲ್ಲ. ಕೊನೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಪುಕ್ಕಟೆ ನಕ್ಷೆಯಿಂದ ಕೆರೆಯ ಗಡಿ ತಂದು ಒಳಗಿನದ್ದನ್ನು ಬೇರೆ, ದಡದಾಚೆಯದ್ದನ್ನು ಬೇರೆ ಎಣಿಸಿದೆ. ಮೊದಲೇ ಮಾಡಬೇಕಿತ್ತು.

ಹಸಿರಿನ ಜೊತೆ ಕಟ್ಟಡಗಳ ಜಾಗವನ್ನೂ ಎಣಿಸಿದ್ದೆ. ಆ ಲೆಕ್ಕದ ಮೇಲೂ ಅನುಮಾನ ಬಂತು. ಒಣಗಿದ ಮಣ್ಣು, ಕಾಂಕ್ರೀಟು ಎರಡೂ ಈ ಚಿತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ. ಸ್ಕೂಟರ್ ತೆಗೆದುಕೊಂಡು ಹೋಗಿ ನೋಡಿದೆ. 'ಕಟ್ಟಡ' ಅಂತ ಬಂದಿದ್ದ ದೊಡ್ಡದೊಂದು ಜಾಗದಲ್ಲಿ ಬರೀ ಕೆಮ್ಮಣ್ಣು, ಮಟ್ಟ ಮಾಡಿ ಕಲ್ಲು ನೆಟ್ಟಿದ್ದರು. ಗೇಟಿನಲ್ಲಿದ್ದವರು ಎದ್ದು ಬಂದರು.

"ಸೈಟ್ ನೋಡೋಕೆ ಬಂದ್ರಾ ಮೇಡಂ? ಕಾರ್ನರ್ ಒಂದೇ ಉಳಿದಿರೋದು."

ಮನೆಗೆ ಬಂದು ಅದನ್ನು 'ಬರಿ ಮಣ್ಣು' ಅಂತ ತಿದ್ದಿದೆ. ಫೆಬ್ರವರಿಯ ಚಿತ್ರಕ್ಕೆ ಅದೇ ಸರಿ.