ನೂರರ ಪೆಟ್ರೋಲ್ ಹಾಕಿದ್ರೆ ಬೈಕ್ ಹಾರುತ್ತಾ?

ಬಂಕಿನಲ್ಲಿ ಸಾದಾ ಪೆಟ್ರೋಲಿನ ಪಕ್ಕದಲ್ಲೇ 95, 97, 100 ಅಂತ ಬರೆದ ಗನ್‌ಗಳು ನೇತಾಡುತ್ತಿರುತ್ತವೆ. ಅಂಕಿ ದೊಡ್ಡದಾದಷ್ಟೂ ಪೆಟ್ರೋಲಿಗೆ ಕಸುವು ಜಾಸ್ತಿ ಅನ್ನೋದು ಬಹಳ ಜನರ ಲೆಕ್ಕ. ಹಾಗಿಲ್ಲ. ಒತ್ತಡ, ಶಾಖ ಎಷ್ಟೇ ಏರಿದರೂ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನೋದಷ್ಟೇ ಆಕ್ಟೇನ್ ಅಂಕಿಯ ಅರ್ಥ.

ಪಿಸ್ಟನ್ ಮೇಲೇರುತ್ತಾ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹಿಂಡುತ್ತದೆ, ತುದಿ ಮುಟ್ಟುವ ತುಸು ಮೊದಲೇ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್‌ನಿಂದ ಸುತ್ತಲೂ ಹರಡಿಕೊಂಡು ಹೋಗಬೇಕು. ಅದು ಗೋಡೆ ಮುಟ್ಟುವಷ್ಟರಲ್ಲಿ ಮೂಲೆಯಲ್ಲಿ ಉಳಿದ ಮಿಶ್ರಣ ಕಾದು ಕಾದು ತಾನೇ ಸಿಡಿದರೆ ಅದೇ ನಾಕಿಂಗ್. ಡಬ್ಬಿಯಲ್ಲಿ ಚಿಲ್ಲರೆ ಕುಲುಕಿದ ಹಾಗೆ ಟಿಣ್ ಟಿಣ್ ಸದ್ದು ಬರುತ್ತದೆ. ಬಿಟ್ಟರೆ ಪಿಸ್ಟನ್ ತಲೆ ತೂತಾಗುವವರೆಗೂ ಹೋಗಬಹುದು.

ಕಂಪ್ರೆಷನ್ ರೇಶಿಯೋ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನೋ ಲೆಕ್ಕ, ಅದೊಂದನ್ನೇ ನೋಡಿ ಪೆಟ್ರೋಲ್ ಆರಿಸಬೇಡಿ. ರಾಯಲ್ ಎನ್‌ಫೀಲ್ಡ್‌ನ ಈಗಿನ ಕ್ಲಾಸಿಕ್ 350ರಲ್ಲಿ ಅದು 9.5:1, ಯಮಹಾ ಆರ್15ರಲ್ಲಿ 11.6:1. ಹಾಗಂತ ಆರ್15ಗೆ ದುಬಾರಿ ಪೆಟ್ರೋಲ್ ಬೇಕೇ ಬೇಕು ಅಂತಲ್ಲ. ಅದರ ಬೋರ್ (ಸಿಲಿಂಡರಿನ ಒಳಗಿನ ಅಗಲ) 58 ಮಿಮೀ, ಕ್ಲಾಸಿಕ್‌ನದು 72. ಬೋರ್ ಚಿಕ್ಕದಾದಷ್ಟೂ ಬೆಂಕಿ ಬೇಗ ಗೋಡೆ ಮುಟ್ಟುತ್ತದೆ, ಮೂಲೆಯ ಮಿಶ್ರಣಕ್ಕೆ ಸಿಡಿಯಲು ಪುರುಸೊತ್ತೇ ಸಿಗುವುದಿಲ್ಲ. ಮೇಲಾಗಿ ಆರ್15ಗೆ ಎಂಜಿನ್ ತಂಪಾಗಿಸುವ ಕೂಲೆಂಟ್ ಇದೆ. ಇದನ್ನೆಲ್ಲ ಕಂಪನಿಯವರು ಲೆಕ್ಕ ಹಾಕಿಯೇ ಮ್ಯಾನುಯಲ್‌ನಲ್ಲಿ ಒಂದು ಆಕ್ಟೇನ್ ಅಂಕಿ ಬರೆದಿರುತ್ತಾರೆ. ಟ್ಯಾಂಕ್ ಮುಚ್ಚಳದ ಹತ್ತಿರದ ಸ್ಟಿಕ್ಕರ್‌ನಲ್ಲೂ ಕೆಲವೊಮ್ಮೆ ಇರುತ್ತದೆ. ಅದೇ ಅಂತಿಮ.

ಅಂಕಿ ಓದುವಾಗ ಒಂದು ಎಚ್ಚರಿಕೆ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆ ಇವೆ: ಹಗುರವಾದದ್ದು ಆರ್‌ಒಎನ್, ಕಠಿಣವಾದದ್ದು ಎಂಒಎನ್. ನಮ್ಮಲ್ಲಿ ಬಳಸುವುದು ಆರ್‌ಒಎನ್. ಅಮೆರಿಕದಲ್ಲಿ ಆರ್‌ಒಎನ್, ಎಂಒಎನ್ ಎರಡರ ಸರಾಸರಿ ಬರೆಯುತ್ತಾರೆ. ಅಲ್ಲಿನ 87 ಅಂದರೆ ಹೆಚ್ಚುಕಮ್ಮಿ ನಮ್ಮ 91, ಅಲ್ಲಿನ 91 ಅಂದರೆ ನಮ್ಮ 95-96. ಅಮೆರಿಕದ ಯೂಟ್ಯೂಬ್ ನೋಡಿ '91 ಸಾಕಂತೆ' ಅಂತ ದೊಡ್ಡ ಬೈಕಿಗೆ ನಮ್ಮ 91 ಹಾಕಿಕೊಂಡವರು ಎಡವಿದ್ದು ಇಲ್ಲೇ.

ಇನ್ನು ಇ20, ಅಂದರೆ ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇದಕ್ಕೆ ಚಾಲನೆ ಸಿಕ್ಕಿದ್ದು. ಎಥೆನಾಲ್‌ನ ಆರ್‌ಒಎನ್ ಸುಮಾರು 108. ಅದನ್ನು ಶೇ 20 ಬೆರೆಸಿದ್ದರಿಂದ ಸಾದಾ ಪೆಟ್ರೋಲೇ ಈಗ 95ಕ್ಕೆ ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿದೆ. ಹಾಗಿದ್ದಮೇಲೆ '95' ಅನ್ನೋ ಪ್ರೀಮಿಯಂ ಪೆಟ್ರೋಲಿಗೆ ಜಾಸ್ತಿ ಕೊಡುವ ಹಣ ಆಕ್ಟೇನ್‌ಗಿಂತ ಅದರಲ್ಲಿರುವ ಕ್ಲೀನಿಂಗ್ ರಾಸಾಯನಿಕಕ್ಕೆ ಹೋಗುತ್ತದೆ. ಇಂಜೆಕ್ಟರ್ ಚೊಕ್ಕಟವಾಗಿರಲಿ ಅಂತ ಆಗೊಮ್ಮೆ ಈಗೊಮ್ಮೆ ಹಾಕಿಸಿ, ತಪ್ಪಿಲ್ಲ. ಪಿಕಪ್‌ಗೋಸ್ಕರ ಹಾಕಿಸಿದರೆ ದುಡ್ಡು ದಂಡ. ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್ ಇಲ್ಲದ ಬೈಕಿನ ಇಸಿಯುಗೆ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ) ಟ್ಯಾಂಕಿನಲ್ಲಿ 95 ಇದೆಯೋ 100 ಇದೆಯೋ ತಿಳಿಯುವುದೇ ಇಲ್ಲ, ಕಿಡಿಯ ಟೈಮಿಂಗ್ ಮುಂದಕ್ಕೆ ಸರಿಸುವ ಮಾತಂತೂ ದೂರ. ಚೈನಿಗೆ ಎಣ್ಣೆ ಬಿಡದೆ ನೂರರ ಪೆಟ್ರೋಲ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ.

ಇ20ಯಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಅದು ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ ಇರುವುದರಿಂದ, ಆಕ್ಟೇನ್‌ನಿಂದಲ್ಲ. ಹಳೆಯ ಬೈಕುಗಳ, ಅಂದರೆ ಮೈಸೂರಿನ ಜಾವಾ-ಯೆಜ್ಡಿ, ಆರ್‌ಎಕ್ಸ್ 100 ಇಂಥವುಗಳ ಸಮಸ್ಯೆಯೂ ಆಕ್ಟೇನ್ ಅಲ್ಲ. ಅಲ್ಲಿ ಹಾಳಾಗುವುದು ಪೆಟ್ರೋಲ್ ಪೈಪು, ಕಾಕ್‌ನ ವಾಷರ್, ಕಾರ್ಬ್ಯುರೇಟರಿನ ಓ-ರಿಂಗ್. ಪ್ರೀಮಿಯಂ ಅಂದಾಕ್ಷಣ ಎಥೆನಾಲ್ ಇಲ್ಲ ಅಂತಲೂ ಅಲ್ಲ, ಬಂಕಿನಲ್ಲಿ ಕೇಳಿಯೇ ಹಾಕಿಸಿ.

ಬೈಕ್ ನಾಕ್ ಆಗುತ್ತಿದ್ದರೆ ಮೊದಲು ಗೇರ್ ಮೇಲೆ ಅನುಮಾನ ಪಡಿ. ಚಾರ್ಮಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, 30ರ ವೇಗದಲ್ಲಿ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಯಾವ ಎಂಜಿನ್ನೂ ಕಿರುಚುತ್ತದೆ. ಎರಡಕ್ಕೆ ಇಳಿಸಿದಾಗ ಸದ್ದು ನಿಂತರೆ ಪೆಟ್ರೋಲಿನದ್ದೇನೂ ತಪ್ಪಿಲ್ಲ.

ನಿಲ್ಲದಿದ್ದರೆ ಪ್ಲಗ್ ಬಿಚ್ಚಿ. ಬಿಸ್ಕೆಟ್ ಬಣ್ಣ ಇದ್ದರೆ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ. ಇನ್‌ಟೇಕ್ ರಬ್ಬರ್ ಸೀಳಿದೆಯಾ ನೋಡಿ. ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕರಿ ಚುಕ್ಕೆ, ಅಲ್ಯೂಮಿನಿಯಂನ ಹೊಳೆಯುವ ಕಣ ಕಂಡರೆ ನಾಕಿಂಗ್ ಆಗಲೇ ಪಿಸ್ಟನ್ ತಿನ್ನುತ್ತಿದೆ, ಗಾಡಿ ಓಡಿಸಬೇಡಿ. ಹೊಸ ಪ್ಲಗ್ ಹಾಕುವಾಗ ಶಾಖದ ಅಂಕಿ (ಪ್ಲಗ್ ಎಷ್ಟು ಬೇಗ ಶಾಖ ಹೊರಹಾಕುತ್ತದೆ ಅನ್ನೋದರ ಗುರುತು) ಗಮನಿಸಿ: ಎನ್‌ಜಿಕೆ ಕಂಪನಿಯದರಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗೆ, ಬಾಷ್ ಕಂಪನಿಯದರಲ್ಲಿ ಉಲ್ಟಾ. ತುಂಬಾ ಓಡಿದ ಗಾಡಿಯಲ್ಲಿ ಪಿಸ್ಟನ್ ಮೇಲೆ ಕಟ್ಟಿದ ಕಾರ್ಬನ್ನೂ ಕೆಂಡವಾಗಿ ಕಿಡಿ ಹಚ್ಚುತ್ತದೆ. ಇವನ್ನೆಲ್ಲ ಸರಿಮಾಡದೆ ದುಬಾರಿ ಪೆಟ್ರೋಲ್ ಹಾಕಿದರೆ ಸದ್ದು ಮುಚ್ಚಿಹೋಗುತ್ತದೆ, ರೋಗ ಉಳಿಯುತ್ತದೆ.

ಪೆಟ್ರೋಲಿನ ಮೇಲೇ ಅನುಮಾನ ಇದ್ದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ, ಕೊಡಲೇಬೇಕು. ಗನ್ ತುದಿ ಒರೆಸಿ ಒಂದು ಹನಿ ಬಿಡಿ. ಸುಮಾರು ಎರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಬೇಕು. ಸೀಮೆಎಣ್ಣೆ ಬೆರೆತಿದ್ದರೆ ಕಲೆ ಉಳಿಯುತ್ತದೆ.

ಆಕ್ಟೇನ್ ಬೂಸ್ಟರ್ ಬಾಟಲಿಗಳ ಬಗ್ಗೆ ಒಂದೇ ಮಾತು. '30 ಪಾಯಿಂಟ್ ಏರಿಕೆ' ಅಂತ ಬರೆದಿದ್ದರೆ ಸಾಮಾನ್ಯವಾಗಿ ಒಂದು ಪಾಯಿಂಟ್ ಅಂದರೆ 0.1. ಅಲ್ಲಿಗೆ ಏರುವುದು ಬರೀ 3.

ಹೆಚ್ಚು ಆಕ್ಟೇನ್ ಕೇಳುವ ದೊಡ್ಡ ಬೈಕಿಗೆ ಊರ ಹೊರಗೆ ಕಡಿಮೆಯದೇ ಸಿಕ್ಕಿತೆಂದು ಗಾಬರಿಯಾಗಬೇಡಿ, ಟ್ಯಾಂಕ್ ಖಾಲಿ ಮಾಡುವುದೂ ಬೇಡ. ಆರ್‌ಪಿಎಂ ತೀರಾ ಬೀಳಲು ಬಿಡದೆ, ಆಕ್ಸಿಲರೇಟರ್ ಹಿತವಾಗಿ ತಿರುಗಿಸುತ್ತಾ ಮುಂದಿನ ಬಂಕ್ ತನಕ ಹೋಗಿ. 95ರದು 3 ಲೀಟರ್ ಉಳಿದಿರುವಾಗ 100ರದು 9 ಲೀಟರ್ ಸೇರಿಸಿದರೆ ಟ್ಯಾಂಕಿನಲ್ಲಿ ಹೆಚ್ಚುಕಮ್ಮಿ 99 ಇರುತ್ತದೆ.