ಹನ್ನೆರಡು ರಾತ್ರಿಯ ಟರ್ಕಿಗೆ ಆರು ಪುಸ್ತಕ

ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲೆ ಹತ್ತೊಂಬತ್ತು ಪುಸ್ತಕಗಳಿದ್ದವು. ಸಂಜೆ ಐದಕ್ಕೆ ಆರು ಉಳಿದವು. ಟರ್ಕಿಗೆ ಹೊರಟು ನಮ್ಮಲ್ಲಿ ಪುಸ್ತಕದ ಸಲಹೆ ಕೇಳಿದ್ದವರು ನಿವೃತ್ತ ಮೇಷ್ಟ್ರು ಮತ್ತು ಅವರ ಶ್ರೀಮತಿ. ಇಸ್ತಾಂಬುಲ್‌ನಲ್ಲಿ ಐದು ರಾತ್ರಿ, ಅಂಕಾರಾದಲ್ಲಿ ಎರಡು, ಕಪ್ಪಡೋಕಿಯಾದಲ್ಲಿ ಎರಡು, ಕೊನ್ಯಾದಲ್ಲಿ ಒಂದು, ಪೂರ್ವದ ಗಡಿ ಹತ್ತಿರದ ಕಾರ್ಸ್‌ನಲ್ಲಿ ಎರಡು. ಹೊರಡುವುದಕ್ಕೆ ಇನ್ನೂ ಏಳು ವಾರವಿತ್ತು. ಪುಸ್ತಕ ಆರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ರಾತ್ರಿ ಎಲ್ಲೆಲ್ಲಿ ತಂಗುತ್ತೀರಿ, ಓದುವುದಕ್ಕೆ ಎಷ್ಟು ವಾರ ಇದೆ. ‘ಟರ್ಕಿ ಬಗ್ಗೆ ಒಳ್ಳೇ ಪುಸ್ತಕ’ ಅಂತ ಹುಡುಕಿ ಹೊರಟರೆ ಎಲ್ಲವೂ ಇಸ್ತಾಂಬುಲ್ಲಿನ ಸುತ್ತಲೇ ತಿರುಗುತ್ತವೆ, ಕಾರ್ಸ್‌ಗೆ ಹೋಗುವವರ ಕೈ ಖಾಲಿ ಉಳಿಯುತ್ತದೆ.

ಮೊದಲು ಗೈಡ್ ಪುಸ್ತಕಗಳನ್ನು ಜರಡಿ ಹಿಡಿದೆವು. ಮುದ್ರಣದ ವರ್ಷವನ್ನು ನಂಬಿ ಕೊಳ್ಳಬಾರದು. ಮರುಮುದ್ರಣ ಹೊಸದಿದ್ದರೂ ಒಳಗಿನ ಬರಹ ಹತ್ತು ವರ್ಷ ಹಳೆಯದಿರಬಹುದು. ಮೂರು ಕಡೆ ತೆರೆದು ನೋಡಿದರೆ ವಯಸ್ಸು ಗೊತ್ತಾಗಿಬಿಡುತ್ತದೆ. ವಿಮಾನ ಇಸ್ತಾಂಬುಲ್ಲಿನ ಅತಾತುರ್ಕ್ ನಿಲ್ದಾಣದಲ್ಲಿ ಇಳಿಯುತ್ತದೆ ಅಂತಿದ್ದರೆ ಅದು 2019ರ ಏಪ್ರಿಲ್‌ಗಿಂತ ಹಿಂದಿನ ಮಾಹಿತಿ. ಅಲ್ಲಿನ ಅಯಾಸೋಫ್ಯಾವನ್ನು (ಹಾಗಿಯಾ ಸೋಫಿಯಾ) ಮ್ಯೂಸಿಯಂ ಅಂದಿದ್ದರೆ 2020ರ ಜುಲೈಗಿಂತ ಹಿಂದಿನದು. 537ರಲ್ಲಿ ಚರ್ಚ್ ಆಗಿ ಎದ್ದ ಕಟ್ಟಡ 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ಮ್ಯೂಸಿಯಂ ಆಯಿತು, ಈಗ ಮತ್ತೆ ಮಸೀದಿ. 2024ರ ಜನವರಿಯಿಂದ ಹೊರದೇಶದ ಪ್ರವಾಸಿಗರು ಟಿಕೆಟ್ ಪಡೆದು ಮೇಲಿನ ಗ್ಯಾಲರಿಗೆ ಹೋಗುತ್ತಾರೆ, ಕೆಳಗಿನ ಅಂಗಣ ನಮಾಜಿಗೆ. ಹಳೆಯ ಗೈಡ್ ಹಿಡಿದು ಹೋದವರು ಕೆಳಗೆ ನಿಂತು ನೋಡಬೇಕಾದ್ದನ್ನು ಗುರುತು ಹಾಕಿಕೊಂಡು ಬಾಗಿಲಲ್ಲೇ ಪೇಚಿಗೆ ಬೀಳುತ್ತಾರೆ. ಮೂರನೆಯ ಪರೀಕ್ಷೆ ದಕ್ಷಿಣದ ಅಂತಾಕ್ಯಾ ನಗರ. ಅದರ ಹಳೆಯ ಪೇಟೆಯಲ್ಲಿ ಸುತ್ತಾಡಿ ಎಂದು ಬರೆದಿದ್ದರೆ ಅದು 2023ರ ಫೆಬ್ರವರಿ 6ರ ಭೂಕಂಪಕ್ಕಿಂತ ಮೊದಲಿನದು. ಆ ಪೇಟೆಯ ಬಹುಪಾಲು ಅಂದು ನೆಲಸಮವಾಯಿತು. ಲಿರಾದಲ್ಲಿ ಕೊಟ್ಟ ಬೆಲೆಗಳನ್ನಂತೂ ಓದಲೇಬೇಡಿ. ನಮ್ಮ ಐದು ಗೈಡ್‌ಗಳಲ್ಲಿ ನಾಲ್ಕು ಇಲ್ಲೇ ಬಿದ್ದವು. ಐದನೆಯದರಲ್ಲಿ ಬೇಕಾದದ್ದು ನಕ್ಷೆ ಮತ್ತು ರಜೆಯ ವಾರಗಳು ಮಾತ್ರ (ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ), ಅವನ್ನು ಫೋನಿಗೆ ಇಳಿಸಿಕೊಂಡು ಅದನ್ನೂ ಕೆಳಗಿಟ್ಟೆವು.

ಇಸ್ತಾಂಬುಲ್ಲಿಗೆ ಹಿಲರಿ ಸಮ್ನರ್-ಬಾಯ್ಡ್ ಮತ್ತು ಜಾನ್ ಫ್ರೀಲಿ ಬರೆದ ‘ಸ್ಟ್ರೋಲಿಂಗ್ ಥ್ರೂ ಇಸ್ತಾಂಬುಲ್’ ಆರಿಸಿದೆವು. ಮೊದಲು ಬಂದದ್ದು 1972ರಲ್ಲಿ. ವಿಚಿತ್ರ ಅನ್ನಿಸಬಹುದು, ಇಷ್ಟು ಹಳೆಯದು ಯಾಕೆ ಅಂತ. ಅದು ಹೋಟೆಲು, ಬಸ್ಸುಗಳ ಪುಸ್ತಕ ಅಲ್ಲ. ಗಲಾಟಾ ಸೇತುವೆಯಿಂದ ಹೊರಟು ಬೀದಿ ಬೀದಿ ನಡೆಸುತ್ತದೆ. ಈ ಕಾರಂಜಿ ಯಾರು ಕಟ್ಟಿಸಿದ್ದು, ಈ ಮದ್ರಸಾದ ಕಂಬ ಎಲ್ಲಿಂದ ಬಂತು ಅಂತ ಕಲ್ಲು ಕಲ್ಲಿಗೂ ನಿಲ್ಲಿಸುತ್ತದೆ. ಕಲ್ಲುಗಳು ಅಲ್ಲೇ ಇವೆ. ದಿನಕ್ಕೆ ಒಂದೇ ನಡಿಗೆ ಇಟ್ಟುಕೊಳ್ಳಿ ಎಂದೆವು. ಎರಡು ಹಾಕಿಕೊಂಡರೆ ಕಾಲೂ ಸೋಲುತ್ತದೆ, ಮಸೀದಿಗಳ ಹೆಸರೂ ಕಲಸಿಹೋಗುತ್ತವೆ.

ಹೆಚ್ಚು ಚರ್ಚೆಯಾದದ್ದು ಇತಿಹಾಸದ ಬಗ್ಗೆ. ಮೇಷ್ಟ್ರ ಕೈಯಲ್ಲಿ ಕ್ಯಾರೊಲಿನ್ ಫಿಂಕೆಲ್ ಅವರ ‘ಒಸ್ಮಾನ್ಸ್ ಡ್ರೀಮ್’ ಇತ್ತು. 2005ರದ್ದು, ಒಟ್ಟೋಮನ್ ಸಾಮ್ರಾಜ್ಯದ ಆರಂಭದಿಂದ ಕೊನೆವರೆಗೆ, ಐನೂರು ಪುಟಕ್ಕೂ ಮೀರಿದ್ದು.

“ಮೊದಲಿಂದ ಓದಿದರೆ ತಾನೆ ಕೊನೆ ಅರ್ಥ ಆಗೋದು?” ಎಂದರು.

“ಮೇಷ್ಟ್ರೇ, ಪುಸ್ತಕ ಚೆನ್ನಾಗಿದೆ. ಆದರೆ ಮೊದಲಿಂದ ಹೊರಟವರು ಹದಿನೇಳನೇ ಶತಮಾನದ ವಜೀರರ ಹೆಸರುಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಗಣರಾಜ್ಯ ಬರುವ ಮೊದಲೇ ವಿಮಾನ ಹತ್ತಿರುತ್ತಾರೆ.”

ಪ್ರವಾಸಿಯ ಕಣ್ಣಿಗೆ ದಿನವೂ ಬೀಳುವುದು ಗಣರಾಜ್ಯವೇ. ಪ್ರತಿ ಊರಿನ ಪ್ರತಿಮೆ, ಅಂಗಡಿ ಬೋರ್ಡಿನ ಲಿಪಿ, ಜನರ ಅಡ್ಡಹೆಸರು, ಎಲ್ಲಕ್ಕೂ ನೂರು ವರ್ಷದೊಳಗಿನ ತಾರೀಖುಗಳಿವೆ. ಗಣರಾಜ್ಯ 1923, ಖಿಲಾಫತ್ ರದ್ದಾದದ್ದು 1924, ಫೆಜ್ ಟೋಪಿ ನಿಷೇಧಿಸಿದ ಟೋಪಿ ಕಾನೂನು 1925, ಲ್ಯಾಟಿನ್ ಲಿಪಿ 1928, ಅಡ್ಡಹೆಸರಿನ ಕಾನೂನು 1934. ಮಸೀದಿ ಬಾಗಿಲ ಮೇಲಿನ ಅರಬ್ಬಿ ಲಿಪಿಯ ಶಾಸನವನ್ನು ಅಲ್ಲಿಯವರೇ ಬಹುಪಾಲು ಓದಲಾರರು ಅನ್ನುವುದು ಈ 1928 ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ಹಾಗಾಗಿ ಎರಿಕ್ ಜ್ಯೂರ್ಖರ್ ಅವರ ‘ಟರ್ಕಿ: ಎ ಮಾಡರ್ನ್ ಹಿಸ್ಟರಿ’. ಮೊದಲು 1993ರಲ್ಲಿ ಬಂತು, ಕೊಳ್ಳುವುದಾದರೆ ಪರಿಷ್ಕೃತ ಆವೃತ್ತಿಯನ್ನೇ ಕೊಳ್ಳಬೇಕು. ದಿನಕ್ಕೆ ಹದಿನೈದು ಪುಟ, ಮನೆಯಲ್ಲೇ ಓದಿ ಮುಗಿಸುವುದು, ಪೆಟ್ಟಿಗೆಗೆ ಹಾಕುವುದಲ್ಲ. ಒಟ್ಟೋಮನ್ನರನ್ನು ಓದುವ ಆಸೆ ವಾಪಸ್ ಬಂದ ಮೇಲೆ ತಾನೇ ಹುಟ್ಟುತ್ತದೆ, ಆಗ ಫಿಂಕೆಲ್ ಸಲೀಸಾಗಿ ಸಾಗುತ್ತದೆ.

ಓದುವಾಗ ಎಡವುವ ಜಾಗಗಳನ್ನು ಪೆನ್ಸಿಲಿನಲ್ಲಿ ಹೊದಿಕೆಯ ಒಳಬದಿಗೆ ಬರೆದುಕೊಟ್ಟೆವು. ಗಣರಾಜ್ಯದ ಸ್ಥಾಪಕರಿಗೆ 1934ಕ್ಕೆ ಮೊದಲು ಅತಾತುರ್ಕ್ ಎಂಬ ಹೆಸರಿಲ್ಲ, ಮುಸ್ತಫಾ ಕೆಮಾಲ್ ಅಷ್ಟೇ. ಅವರ ನಂತರ ಅಧ್ಯಕ್ಷರಾದ ಇನೋನು ಎಂದರೆ ಅದಕ್ಕೆ ಮೊದಲಿನ ಇಸ್ಮೆತ್ ಪಾಶಾ. ಇಸ್ತಾಂಬುಲ್ಲಿನ ಸೈನಿಕ ದಂಗೆಯಾದ ‘ಮಾರ್ಚ್ 31ರ ಘಟನೆ’ ನಮ್ಮ ಕ್ಯಾಲೆಂಡರಿನಲ್ಲಿ 1909ರ ಏಪ್ರಿಲ್ 13, ಏಕೆಂದರೆ ಆಗಿನ ಸರ್ಕಾರಿ ಲೆಕ್ಕ ಹದಿಮೂರು ದಿನ ಹಿಂದೆ. ‘ರೂಮ್’ ಎಂದರೆ ರೋಮ್ ನಗರವಲ್ಲ, ಒಮ್ಮೆ ರೋಮನ್ನರದ್ದಾಗಿದ್ದ ಅನಾತೋಲಿಯಾ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನ ಹೆಸರಿನಲ್ಲಿರುವ ‘ರೂಮಿ’ಯೂ ಇದೇ, ಕೊನ್ಯಾದ ಸೂಫಿ ಕವಿಯ ‘ರೂಮಿ’ಯೂ ಇದೇ. ಇದನ್ನು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ತೋಪಿನ ಮುಂದೆ ಎಷ್ಟೋ ವರ್ಷ ಮಕ್ಕಳನ್ನು ನಿಲ್ಲಿಸಿದವರು ಅವರು.

ಉಚ್ಚಾರಣೆಯ ಪುಟವಿಲ್ಲದ ಪುಸ್ತಕವನ್ನು ಟರ್ಕಿಗೆ ಒಯ್ಯಬಾರದು. ಇಂಗ್ಲಿಷಿನ ‘ಸಿ’ ಅಲ್ಲಿ ‘ಜ’, ಅದಕ್ಕೆ ಬಾಲ ಬಂದರೆ ‘ಚ’, ‘ಎಸ್‌’ಗೆ ಬಾಲ ಬಂದರೆ ‘ಶ’. ಮೇಲೆ ಬಟ್ಟಲಿರುವ ‘ಜಿ’ಯನ್ನು ನುಂಗಿ ಹಿಂದಿನ ಸ್ವರವನ್ನು ಎಳೆಯಬೇಕು. ವ್ಯಾಕರಣದಲ್ಲಿ ಕನ್ನಡಿಗರಿಗೆ ಸಂಕೋಚ ಬೇಡ. ‘ಎವ್’ ಮನೆ, ‘ಎವ್‌ಲೆರ್’ ಮನೆಗಳು, ‘ಎವ್‌ಲೆರ್‌ದೆನ್’ ಮನೆಗಳಿಂದ. ಪ್ರತ್ಯಯಗಳು ನಮ್ಮಂತೆಯೇ ಸಾಲಾಗಿ ಅಂಟುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ.

“ಅಂಕಾರಾದಲ್ಲಿ ಎರಡು ದಿನ ಏನು ನೋಡೋದು?” ಎಂದರು ಶ್ರೀಮತಿ. ಹತ್ತುಶಾ. ಅಂಕಾರಾದಿಂದ ಸುಮಾರು 200 ಕಿ.ಮೀ., ಮೂರು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಆಳಿದ ಹಿಟ್ಟೈಟರ ರಾಜಧಾನಿ. ಅಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ, ಕ್ರಿ.ಪೂ. 14ನೇ ಶತಮಾನದಲ್ಲಿ ಮಿತನ್ನಿ ಎಂಬ ನೆರೆರಾಜ್ಯದ ಜೊತೆಗಿನ ಒಪ್ಪಂದವೊಂದಕ್ಕೆ ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿಗೆ ಕರೆದಿದ್ದಾರೆ. ಕುದುರೆ ಪಳಗಿಸುವ ಇನ್ನೊಂದು ಬರಹದಲ್ಲಿ ಐಕ, ತೇರ, ಪಂಜ, ಸತ್ತ (ಒಂದು, ಮೂರು, ಐದು, ಏಳು) ಎಂಬ ಎಣಿಕೆ ಇದೆ. ಇದಕ್ಕಾಗಿ ಟ್ರೆವರ್ ಬ್ರೈಸ್ ಅವರ ‘ಲೈಫ್ ಅಂಡ್ ಸೊಸೈಟಿ ಇನ್ ದಿ ಹಿಟ್ಟೈಟ್ ವರ್ಲ್ಡ್’ನಿಂದ ಎರಡು ಅಧ್ಯಾಯ ಗುರುತು ಮಾಡಿಕೊಟ್ಟೆವು, ಪುಸ್ತಕ ಶೆಲ್ಫಿನಲ್ಲೇ ಉಳಿಯಿತು. ಓದದೆ ಹೋದವರಿಗೆ ಅಲ್ಲಿ ಕಾಣುವುದು ಗುಡ್ಡದ ಮೇಲಿನ ಕಲ್ಲಿನ ಅಡಿಪಾಯ ಮಾತ್ರ.

ಕೊನ್ಯಾದ ರೂಮಿಯ ವಿಷಯದಲ್ಲಿ ಹಟ ಹಿಡಿದೆವು. ಅಂಗಡಿಗಳಲ್ಲಿ ಸಿಗುವ ಸುಂದರ ಪುಟ್ಟ ಪುಸ್ತಕಗಳಲ್ಲಿ ಎಷ್ಟೋ ಪಾರ್ಸಿ ಬಾರದವರು ಹಳೆಯ ಅನುವಾದಗಳಿಂದ ಮಾಡಿಕೊಂಡ ರೂಪಾಂತರಗಳು. ಅವುಗಳಲ್ಲಿ ಕುರಾನ್, ಪ್ರವಾದಿ, ನಮಾಜು ಸದ್ದಿಲ್ಲದೆ ಕಳಚಿರುತ್ತವೆ. ಕೊನ್ಯಾದಲ್ಲಿ ರೂಮಿಯ ಗೋರಿಯ ಮುಂದೆ ಕೈಯೆತ್ತಿ ಬೇಡುತ್ತಿರುವ ಹೆಂಗಸರನ್ನು ನೋಡಿದಾಗ ಆ ಓದುಗರು ತಬ್ಬಿಬ್ಬಾಗುತ್ತಾರೆ. ರೂಮಿಯ ‘ಮಸ್ನವಿ’ಗೆ ಜಾವಿದ್ ಮೊಜದ್ದೆದಿ ಪಾರ್ಸಿಯಿಂದಲೇ ಮಾಡಿದ ಇಂಗ್ಲಿಷ್ ಅನುವಾದದ ಮೊದಲ ಸಂಪುಟ ಸಾಕು. ಆರು ಸಂಪುಟ, ಸುಮಾರು 25,000 ದ್ವಿಪದಿಗಳ ಕಾವ್ಯ ಅದು. ಒಂದು ರಾತ್ರಿಗೆ ಬೇಕಾದದ್ದು ಮೊದಲಿನ ಕೊಳಲಿನ ಅಳಲು.

ಕಾರ್ಸ್‌ಗೆ ಒರ್ಹಾನ್ ಪಾಮುಕ್ ಅವರ ಕಾದಂಬರಿ ‘ಸ್ನೋ’ ಎಂದು ಎಲ್ಲರೂ ಹೇಳುತ್ತಾರೆ, ನಾವೂ ಹೇಳಿದೆವು. ಆದರೆ ಅದರೊಳಗಿನ ಸೈನಿಕ ದಂಗೆ ಕಲ್ಪಿತ. ಊರಿನ ಕಪ್ಪು ಕಲ್ಲಿನ ಮನೆಗಳು ಮಾತ್ರ ನಿಜ. 1878ರಿಂದ ನಾಲ್ಕು ದಶಕ ರಷ್ಯನ್ನರು ಆಳಿದ್ದರು. ಹತ್ತಿರದ ಆನಿ ಆರ್ಮೇನಿಯನ್ ರಾಜಧಾನಿಯಾಗಿತ್ತು. ಆ ಜನ ಎಲ್ಲಿ ಹೋದರು ಎಂದು ಅಲ್ಲಿ ನಿಂತವರಿಗೆ ಅನಿಸಲೇಬೇಕು. 1915ರ ಆರ್ಮೇನಿಯನ್ನರ ಗಡೀಪಾರು, ಹತ್ಯೆಗಳನ್ನು ಟರ್ಕಿ ಅಧಿಕೃತವಾಗಿ ನರಮೇಧವೆಂದು ಒಪ್ಪುವುದಿಲ್ಲ, ಬಹುತೇಕ ಇತಿಹಾಸಕಾರರು ಅದನ್ನು ನರಮೇಧ ಎಂದೇ ಕರೆಯುತ್ತಾರೆ. ಫೆತಿಯೆ ಚೆತಿನ್ 2004ರಲ್ಲಿ ಟರ್ಕಿಷ್‌ನಲ್ಲಿ ಬರೆದ ‘ನನ್ನ ಅಜ್ಜಿ’ (ಇಂಗ್ಲಿಷಿನಲ್ಲಿ ‘ಮೈ ಗ್ರ್ಯಾಂಡ್‌ಮದರ್’) ತೆಳ್ಳನೆಯ ಪುಸ್ತಕ. ಟರ್ಕಿಯವಳೆಂದೇ ತಿಳಿದಿದ್ದ ಅಜ್ಜಿ ಆರ್ಮೇನಿಯನ್ ಎಂದು ಮೊಮ್ಮಗಳಿಗೆ ಗೊತ್ತಾಗುವ ನಿಜಕಥೆ. ಇದನ್ನು ಆನಿಗೆ ಮೊದಲೇ ಓದಿರಿ, ಅಲ್ಲಿ ನಿಂತು ಓದುವುದು ಕಷ್ಟ.

ಆರನೆಯದು ಇರ್ಫಾನ್ ಓರ್ಗಾ ಅವರ ‘ಪೋರ್ಟ್ರೇಟ್ ಆಫ್ ಎ ಟರ್ಕಿಷ್ ಫ್ಯಾಮಿಲಿ’, 1950. ನೀಲಿ ಮಸೀದಿಯ ಹಿಂಬದಿಯ ಮನೆಯೊಂದು ಮೊದಲ ಮಹಾಯುದ್ಧದಲ್ಲಿ ಹೇಗೆ ಕರಗಿಹೋಯಿತು ಎಂಬ ನೆನಪು. ಇವರು ಇಳಿದುಕೊಳ್ಳುವ ಹೋಟೆಲ್ ಇದ್ದದ್ದೂ ಅದೇ ಕಡೆ.

ಇಸ್ತಾಂಬುಲ್ಲಿನ ಬೆಯಾಜಿತ್ ಮಸೀದಿ ಪಕ್ಕದ ಹಳೆ ಪುಸ್ತಕಗಳ ಸಂತೆ ಸಹಾಫ್ಲಾರ್ ಚಾರ್ಶಿಗೆ ಹೋಗಿ ಬನ್ನಿ, ಆದರೆ ಹುಷಾರು ಎಂದೆವು. ಹಳೆಯ ಹಾಳೆಯ ಮೇಲೆ ಇತ್ತೀಚೆಗೆ ಬರೆದ ಪುಟ್ಟ ವರ್ಣಚಿತ್ರಗಳನ್ನು (ಮಿನಿಯೇಚರ್) ಪುರಾತನವೆಂದು ಮಾರುವುದುಂಟು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಬಣ್ಣದಡಿ ಅಕ್ಷರದ ಸಾಲು ಹಾದುಹೋಗಿದ್ದು ಕಂಡರೆ, ಚಿತ್ರ ಆ ಪುಸ್ತಕದ್ದಲ್ಲ. ನಿಜವಾಗಿ ಹಳೆಯ ಹಸ್ತಪ್ರತಿಯಾದರೆ ಇನ್ನೂ ತೊಂದರೆ: 1983ರ 2863ನೇ ಕಾನೂನಿನ ಪ್ರಕಾರ ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಪಾಮುಕ್ ಅವರ ‘ಮ್ಯೂಸಿಯಂ ಆಫ್ ಇನ್ನೊಸೆನ್ಸ್’ ದಪ್ಪವೆಂದು ಬದಿಗಿಟ್ಟಿದ್ದೆವು. ಆದರೆ ಅದೇ ಹೆಸರಿನ ಮ್ಯೂಸಿಯಂ 2012ರಿಂದ ಇಸ್ತಾಂಬುಲ್ಲಿನ ಚುಕುರ್‌ಜುಮಾದಲ್ಲಿದೆ, ಕಾದಂಬರಿಯ 83 ಅಧ್ಯಾಯಗಳಿಗೆ 83 ಪೆಟ್ಟಿಗೆ. ಪುಸ್ತಕದ ಕೊನೆಯ ಭಾಗದಲ್ಲಿ ಅಚ್ಚಾಗಿರುವ ಟಿಕೆಟ್ ತೋರಿಸಿದರೆ ಅದರ ಮೇಲೆ ಮುದ್ರೆ ಒತ್ತಿ ಒಳಗೆ ಬಿಡುತ್ತಾರೆ. ಕಾಗದದ ಪ್ರತಿ ಬೇಕು, ಸೋಮವಾರ ರಜೆ. ಶ್ರೀಮತಿ ಅದನ್ನು ಆಗಲೇ ಓದಿದ್ದರು. ಮೇಜಿನಿಂದ ಎತ್ತಿ ಆ ಪುಟಕ್ಕೆ ಬಸ್ ಚೀಟಿಯ ಗುರುತಿಟ್ಟು ತಮ್ಮ ಕೈಚೀಲಕ್ಕೆ ಹಾಕಿಕೊಂಡರು.