ಕುದ್ರುವಿನ ಕೋಲು, ಸ್ಮಾರ್ಟ್ ಕ್ಲಾಸಿನ ಪರದೆ

ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂದ ವರ್ಷ ನಾನು ಮಾಡಿದಷ್ಟು ಕೆಟ್ಟ ಪಾಠ ಬೇರೆ ಯಾವ ವರ್ಷವೂ ಮಾಡಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದರೆ ನಗುತ್ತಾರೆ. ಇಲ್ಲಿ ಹೇಳಬಹುದು ಅಲ್ವಾ.

ನಮ್ಮದು ಉಡುಪಿಯಿಂದ ಪಡುವಣಕ್ಕೆ, ಸ್ವರ್ಣಾ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರದ ಶಾಲೆ. ಅರ್ಧ ಮಕ್ಕಳು ಹೊಳೆ ಬದಿಯವರು, ಕೆಲವರು ಕುದ್ರುವಿನವರು, ಅಂದರೆ ಹೊಳೆ ನಡುವಿನ ದ್ವೀಪದವರು. ಎಂಟನೇ ಕ್ಲಾಸಿನ ಜಲಗೋಳ ಪಾಠದಲ್ಲಿ ಉಬ್ಬರ ಇಳಿತ ಬರುತ್ತದೆ. ಹೊಸ ಪ್ರೊಜೆಕ್ಟರ್ ಇತ್ತು, ಒಳ್ಳೆಯ ಆನಿಮೇಷನ್ ವಿಡಿಯೋ ಸಿಕ್ಕಿತ್ತು, ಹಾಕಿದೆ. ಭೂಮಿ ತಿರುಗುತ್ತದೆ, ಚಂದ್ರ ಸುತ್ತುತ್ತಾನೆ, ನೀಲಿ ನೀರು ಎರಡು ಕಡೆ ಉಬ್ಬುತ್ತದೆ. ಮಕ್ಕಳು ಪಿನ್ ಡ್ರಾಪ್ ಸೈಲೆನ್ಸ್. ನನಗೆ ಎಷ್ಟು ಖುಷಿ ಅಂದರೆ ಮುಂದಿನ ಪೀರಿಯಡ್ಡಿನಲ್ಲಿ ಬಿ ಸೆಕ್ಷನ್ನಿಗೂ ಅದನ್ನೇ ಹಾಕಿ ಹಿಂದೆ ಕೂತು ಪೇಪರ್ ತಿದ್ದಿದೆ.

ಟೆಸ್ಟಿನಲ್ಲಿ ಕೇಳಿದ್ದು ಸುಲಭದ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಉಬ್ಬರ? ತುಂಬಾ ಮಂದಿ ಒಂದು ಅಂತ ಬರೆದಿದ್ದರು. ಅದರಲ್ಲಿ ಕುದ್ರುವಿನ ಒಬ್ಬ ಹುಡುಗನೂ ಇದ್ದ. ಕರೆದು ಕೇಳಿದೆ, ನಿಮ್ಮ ಮನೆ ಮೆಟ್ಟಿಲಿಗೆ ನೀರು ಎಷ್ಟು ಸಲ ಬರುತ್ತೆ ಮಾರಾಯ?

"ಎರಡು ಸಲ ಸರ್."

"ಮತ್ತೆ ಒಂದು ಅಂತ ಯಾಕೆ ಬರೆದೆ?"

"ಅದು ನಮ್ಮ ಹೊಳೆಯದ್ದು ಸರ್. ಇದು ಪಾಠದ್ದು."

ಆ ಹುಡುಗ ಬೈದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ವಿಡಿಯೋ ಚೆನ್ನಾಗೇ ಇತ್ತು, ಆದರೆ ಅವನ ತಲೆಯಲ್ಲಿ ಉಬ್ಬರ ಅನ್ನುವುದು ಪರದೆಯ ಮೇಲೆ ಆಗುವ ಒಂದು ವಿಷಯ ಆಗಿಹೋಗಿತ್ತು. ಅವನ ಅಜ್ಜ ಪಂಚಾಂಗ ನೋಡಿ ದೋಣಿ ಬಿಡುವವರು. ಅಮಾವಾಸ್ಯೆ ಹುಣ್ಣಿಮೆಗೆ ನೀರು ಜಾಸ್ತಿ ಅಂತ ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹೊಳೆ ಬದಿಯ ಮಗುವಿಗೆ ಹೊಳೆಯನ್ನು ಮರೆಸುವ ಪಾಠ ಮಾಡಿದ್ದೆ ನಾನು.

ಬುದ್ಧಿ ಬಂದದ್ದು ಮಾತ್ರ ಮಳೆಯಿಂದ. ಜುಲೈಯಲ್ಲಿ ಒಂದು ದಿನ ಜ್ವಾಲಾಮುಖಿಯ ವಿಡಿಯೋ ಹಾಕಿದ್ದೆ. ನಮ್ಮ ಕ್ಲಾಸಿಗೆ ಶೀಟಿನ ಮಾಡು. ಇಲ್ಲಿಯ ಮಳೆ ಶೀಟಿನ ಮೇಲೆ ಬಿದ್ದರೆ ಸ್ಪೀಕರ್ ಬಿಡಿ, ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಸೌಂಡ್ ಇಲ್ಲದ ವಿಡಿಯೋ ಹಾಗೇ ಓಡುತ್ತಿತ್ತು. ಬೇರೆ ದಾರಿ ಇಲ್ಲದೆ ನಿಲ್ಲಿಸಿ, ಮಳೆ ಸ್ವಲ್ಪ ಬಿಟ್ಟಾಗ ಕೇಳಿದೆ, ಈ ಲಾವಾ ತಣ್ಣಗಾದರೆ ಎಂತ ಆಗುತ್ತೆ? ಗಟ್ಟಿ ಆಗುತ್ತೆ ಅಂದರು. ಗಟ್ಟಿ ಆಗುವಾಗ? ಒಬ್ಬಳು ಹೇಳಿದಳು, ಗದ್ದೆ ಒಣಗುವಾಗ ಕೆಸರು ಬಿರಿಯುತ್ತಲ್ಲ, ಹಾಗೆ ಬಿರಿಯಬಹುದು. ನಾನು ವಿಡಿಯೋ ಬಿಟ್ಟು ಸೇಂಟ್ ಮೇರೀಸ್ ದ್ವೀಪದ ಫೋಟೋ ಹಾಕಿದೆ. ಮಲ್ಪೆಯಿಂದ ಬೋಟಿನಲ್ಲಿ ಹೋಗಿ ಸೆಲ್ಫಿ ತೆಗೆಯುವ ಅದೇ ಕಂಬದಂಥ ಕಲ್ಲುಗಳು. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಐದು, ಆರು ಮೂಲೆಯ ಕಂಬಗಳಾಗಿ ನಿಂತದ್ದು ಅವು. ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದವು. ಆ ಹುಡುಗಿಯ ಮುಖ ನೋಡಬೇಕಿತ್ತು.

ಅವತ್ತಿನಿಂದ ನಾನು ಕ್ಲಾಸಿನಲ್ಲಿ ವಿಡಿಯೋದ ಸೌಂಡ್ ಮ್ಯೂಟ್ ಮಾಡಿಯೇ ಹಾಕುವುದು. ಎರಡು ನಿಮಿಷಕ್ಕಿಂತ ಜಾಸ್ತಿ ಬಿಡುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಮಕ್ಕಳು ನೋಟ್ಸಿನಲ್ಲಿ ಬರೆದ ಮೇಲೆಯೇ ಪ್ಲೇ ಒತ್ತುವುದು. ಊಹೆ ತಪ್ಪಾದವರೇ ಪರದೆಯನ್ನು ಹೆಚ್ಚು ಗಮನವಿಟ್ಟು ನೋಡುತ್ತಾರೆ, ಇದನ್ನು ನೀವೂ ಮಾಡಿ ನೋಡಿ.

ಮರುವರ್ಷ ಉಬ್ಬರದ ಪಾಠವನ್ನು ಪೂರ್ತಿ ಬದಲಿಸಿದೆ. ಮೊದಲಿಗೆ ತಿಂಗಳು ಬದಲಾಯಿತು. ಮಳೆಗಾಲದಲ್ಲಿ ನೆರೆ ನೀರಿನ ನಡುವೆ ಉಬ್ಬರ ಯಾವುದು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ಪಾಠ ದೀಪಾವಳಿ ಆದ ಮೇಲೆ. ಆ ಕುದ್ರುವಿನ ಹುಡುಗ ಈಗ ಒಂಬತ್ತನೇ ಕ್ಲಾಸು, ಆದರೂ ಅವನನ್ನೇ ಹಿಡಿದೆ. ಬಿದಿರಿನ ಕೋಲಿಗೆ ಪೈಂಟಿನಲ್ಲಿ ಹತ್ತು ಹತ್ತು ಸೆಂಟಿಮೀಟರಿಗೆ ಗುರುತು ಹಾಕಿ ಅವರ ಮನೆ ಮೆಟ್ಟಿಲಿನ ಹತ್ತಿರ ಹೊಳೆಯಲ್ಲಿ ಊರಿದೆವು. ಹೊಳೆ ಬದಿಯ ಇನ್ನು ನಾಲ್ಕು ಮನೆಯಲ್ಲೂ ಹಾಗೇ. ಎರಡು ವಾರ ಅಳತೆ. ಶಾಲೆ ಇದ್ದ ದಿನ ಬೆಳಿಗ್ಗೆ, ಸಂಜೆ, ರಾತ್ರಿ. ರಜೆಯ ದಿನ ಗಂಟೆಗೊಮ್ಮೆ. ಬರೆಯುವುದು ಕಾಗದದಲ್ಲಿ, ಯಾಕೆಂದರೆ ಈ ಮನೆಗಳಲ್ಲಿ ಫೋನ್ ಇದ್ದರೂ ಅದು ಅಪ್ಪನ ಜೊತೆ ಬೋಟಿಗೆ ಹೋಗಿರುತ್ತದೆ. ಎಲ್ಲ ಮಕ್ಕಳ ಕೈಯಲ್ಲಿ ಫೋನ್ ಇದೆ ಅಂದುಕೊಂಡು ತಯಾರಿಸಿದ ಪಾಠ ನಮ್ಮಲ್ಲಿ ಮೊದಲ ದಿನವೇ ಕೈಕೊಡುತ್ತದೆ.

ಮೊದಲ ದಿನದ ಗ್ರಾಫನ್ನು ಕೈಯಿಂದಲೇ ಹಾಕಿಸಿದೆ. ಬಿಂದು ಎಲ್ಲಿ ಇಡಬೇಕು, ಗೆರೆ ಹೇಗೆ ಏರುತ್ತದೆ, ಅದು ಕೈಗೆ ಗೊತ್ತಾಗಬೇಕು. ಉಳಿದ ಹದಿಮೂರು ದಿನದ್ದು ಸ್ಪ್ರೆಡ್‌ಶೀಟಿಗೆ. ಅದನ್ನೂ ಕೈಯಲ್ಲೇ ಹಾಕಿಸಿದ್ದರೆ ಅದು ಪಾಠ ಅಲ್ಲ, ಕೂಲಿ. ನನ್ನ ಮಟ್ಟಿಗೆ ಟೆಕ್ನಾಲಜಿ ಇರುವ ಪಾಠ ತಯಾರಿಸುವುದರಲ್ಲಿ ನಿಜವಾದ ತಲೆನೋವು ಇದೊಂದೇ: ಯಾವ ಕೆಲಸ ಮಗು ಮಾಡಬೇಕು, ಯಾವುದನ್ನು ಮೆಷಿನ್ನಿಗೆ ಬಿಡಬೇಕು. ಯಾವ ಆ್ಯಪ್ ಅನ್ನುವುದು ಆಮೇಲಿನ ಮಾತು.

ಹದಿನಾಲ್ಕು ದಿನದ ಗೆರೆ ಪರದೆ ಮೇಲೆ ಬಂದಾಗ ಮಕ್ಕಳೇ ಕಂಡುಹಿಡಿದದ್ದು ಮೂರು ವಿಷಯ. ನೀರು ಏರುವ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಕೆಲವು ದಿನ ಸ್ವಲ್ಪ ಹೆಚ್ಚು ಕಡಿಮೆ. ಯಾಕೆ ಅಂದರೆ ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಚಂದ್ರ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಅಷ್ಟು ಹೊತ್ತು ಬೇಕು. ಎರಡನೆಯದು, ಇಂಟರ್ನೆಟ್ಟಿನಲ್ಲಿ ಸಿಗುವ ಮಲ್ಪೆಯ ಉಬ್ಬರದ ಪಟ್ಟಿಗೂ ನಮ್ಮ ಕೋಲಿಗೂ ಹೊತ್ತು ಹೊಂದುತ್ತಿರಲಿಲ್ಲ, ನಮ್ಮದು ತಡ. ಫೋನ್ ಸರಿಯೋ ನಮ್ಮ ಕೋಲು ಸರಿಯೋ ಅಂತ ಜಗಳವೇ ಆಯಿತು. ಸಮುದ್ರದ ನೀರು ಅಳಿವೆ ದಾಟಿ ಹೊಳೆ ಹತ್ತಿ ಬರಲು ಹೊತ್ತು ಬೇಕಲ್ಲ ಸರ್ ಅಂತ ಹಿಂದಿನ ಬೆಂಚಿನವನು ಹೇಳಿದ ಮೇಲೆ ಎರಡೂ ಸರಿ ಆಯಿತು.

ಮೂರನೆಯದು ನನ್ನನ್ನೇ ಸಿಕ್ಕಿಸಿತು. ದಿನದ ಎರಡು ಉಬ್ಬರ ಒಂದೇ ಎತ್ತರ ಇರಲಿಲ್ಲ. ಒಂದು ದೊಡ್ಡದು, ಒಂದು ಸಣ್ಣದು. ನಾನು ಹಾಕಿದ್ದ ಆ ಆನಿಮೇಷನ್ನಿನಲ್ಲಿ ಎರಡೂ ಉಬ್ಬು ಸಮ ಇದ್ದವು. ಅಳತೆ ತಪ್ಪಿರಬೇಕು ಅಂದುಬಿಟ್ಟೆ. ಐದೂ ಕೋಲಿನಲ್ಲಿ ಹಾಗೇ ಇದೆಯಲ್ಲ ಸರ್ ಅಂದರು. ನಾಳೆ ಹೇಳ್ತೇನೆ ಅಂತ ತಪ್ಪಿಸಿಕೊಂಡು ಮನೆಗೆ ಬಂದು ಓದಿದೆ. ಅವರದ್ದೇ ಸರಿ. ನಮ್ಮ ಕರಾವಳಿಯ ಉಬ್ಬರವೇ ಆ ಜಾತಿಯದ್ದು.

ಯಾಕೆ ಅಂದರೆ, ಚಂದ್ರ ಭೂಮಧ್ಯರೇಖೆಯ ನೇರಕ್ಕೆ ಬರುವುದು ಅವನ ಒಂದು ಸುತ್ತಿನಲ್ಲಿ ಎರಡೇ ಸಲ. ಉಳಿದ ದಿನ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತಾನೆ. ಇದನ್ನು ಸ್ಟೆಲೇರಿಯಂನಲ್ಲಿ ತೋರಿಸಿದೆ, ಆಕಾಶ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್, ಡೌನ್‌ಲೋಡ್ ಮಾಡಿಟ್ಟರೆ ನೆಟ್ ಬೇಡ. ಆದರೆ ಪೂರ್ತಿ ಅರ್ಥ ಆದದ್ದು ಬೇರೆಯಿಂದ. ನೀರಿನ ಉಬ್ಬು ಅಂತ ರಟ್ಟಿನಲ್ಲಿ ಮೊಟ್ಟೆಯಾಕಾರದ ಬಳೆ ಕತ್ತರಿಸಿ ಗ್ಲೋಬಿಗೆ ಓರೆಯಾಗಿ ಹಿಡಿದೆವು. ಒಂದು ತುದಿ ಉತ್ತರಕ್ಕೆ ಏರಿತು, ಎದುರಿನದು ದಕ್ಷಿಣಕ್ಕೆ ಇಳಿಯಿತು. ಉಡುಪಿಯ ಜಾಗಕ್ಕೆ ಒಬ್ಬ ಹುಡುಗಿ ಬಿಂದಿ ಅಂಟಿಸಿದಳು. ಗ್ಲೋಬ್ ತಿರುಗಿಸಿದರೆ ಬಿಂದಿ ಒಂದು ಕಡೆ ಬಳೆಯ ತುದಿಯ ಹತ್ತಿರವೇ ಹೋಗುತ್ತದೆ, ಇನ್ನೊಂದು ಕಡೆ ದೂರದಿಂದ ಹೋಗುತ್ತದೆ. ಒಂದು ದೊಡ್ಡ ಉಬ್ಬರ, ಒಂದು ಸಣ್ಣದು. ನಿಜವಾದ ಸಮುದ್ರ ಇಷ್ಟು ಸರಳ ಅಲ್ಲ ಅಂತಲೂ ಹೇಳಿದೆ, ತೀರದ ಆಕಾರ, ಆಳ ಎಲ್ಲ ಸೇರುತ್ತದೆ.

ಟೀಚರುಗಳ ಟ್ರೇನಿಂಗ್‌ಗಳಲ್ಲಿ ಟೀಪ್ಯಾಕ್ (TPACK) ಅಂತ ಒಂದು ವಿಚಾರ ಹೇಳುತ್ತಾರೆ. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಬರೆದದ್ದು. ವಿಷಯ, ಕಲಿಸುವ ರೀತಿ, ಟೆಕ್ನಾಲಜಿ ಮೂರನ್ನೂ ಬೇರೆ ಬೇರೆ ಕಲಿತರೆ ಸಾಲದು, ಮೂರೂ ಸೇರುವ ಜಾಗ ಗೊತ್ತಿರಬೇಕು ಅಂತ. ಒಳ್ಳೆಯ ಮಾತೇ. ನನಗೆ ಅದನ್ನು ಹೇಳಿಕೊಟ್ಟವರು ಮಾತ್ರ 64 ಸ್ಲೈಡ್‌ಗಳನ್ನು ಒಂದೊಂದಾಗಿ ಓದಿದರು, ಊಟ ಆದ ಮೇಲೆ.

ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ, ಸುಮ್ನೆ ಹೇಳಬಾರದು. ಎರಡು ವಾರದ ಅಳತೆ ಅಂದರೆ ಪೋರ್ಷನ್ ಹಿಂದೆ ಬೀಳುತ್ತದೆ, ನಾನೂ ಮಾತು ಕೇಳಿದ್ದೇನೆ. ವರ್ಷಕ್ಕೆ ಎರಡು ಪಾಠ ಹೀಗೆ, ಉಳಿದದ್ದಕ್ಕೆ ಬೋರ್ಡು, ಚಾಕ್‌ಪೀಸ್, ಎಲ್ಲೋ ಒಂದು ಫೋಟೋ. ಕರೆಂಟ್ ಹೋದರೆ ಪಾಠ ನಿಲ್ಲಬಾರದು ಅಂತ ಗ್ರಾಫಿನ ಪ್ರಿಂಟ್ ಒಂದನ್ನು ಮೊದಲೇ ತೆಗೆದಿಡುತ್ತೇನೆ. ಎರಡು ಸಲ ಬಳಕೆಗೆ ಬಂದಿದೆ.

ಕುದ್ರುವಿನ ಅಜ್ಜನಿಗೆ ಮೊಮ್ಮಗ ಮಲ್ಪೆಯ ಪಟ್ಟಿಯನ್ನು ಫೋನಿನಲ್ಲಿ ತೋರಿಸಿದನಂತೆ. ಅಜ್ಜ ನೋಡಿ, ಸರಿ ಉಂಟು, ಆದರೆ ನಮ್ಮಲ್ಲಿಗೆ ತಡ ಅಂದರಂತೆ. ಬಿದಿರಿನ ಕೋಲು ಈ ಜುಲೈ ನೆರೆಗೆ ಹೋಯಿತು. ಈ ಸಲ ಅಡಿಕೆ ಮರದ್ದು ಹಾಕುವ ಸರ್, ಗಟ್ಟಿ ಇರ್ತದೆ ಅಂದಿದ್ದಾನೆ. ಪೈಂಟ್ ನಾನು ತರಬೇಕಂತೆ.